ಗುಳ್ಳವ್ವನ ಮಣ್ಣು

ನಮ್ಮ ಸೀಮೆಯಲ್ಲಿ ಮಳೆಗಾಲದ ದೇವರುಗಳೆಲ್ಲ ಮಣ್ಣಿನವು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಐವರೂ ಹಸಿ ಮಣ್ಣಿನಲ್ಲಿ ಮೂಡಿ, ಪೂಜೆ ಉಂಡು, ಮತ್ತೆ ನೀರಿಗೋ ನೆಲಕ್ಕೋ ಸೇರುವವರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತಿನ ಹಳ್ಳಿಗಳಲ್ಲಿ ಹಿರಿಯರು ಈ ಐದನ್ನು ಬೆರಳು ಮಡಚಿ ಎಣಿಸುತ್ತಾರೆ. ಜಾನಪದ ವಿದ್ವಾಂಸರು ಇವುಗಳ ಹಾಡು, ಕಥೆ, ನೈವೇದ್ಯಗಳನ್ನೆಲ್ಲ ಬರೆದಿಟ್ಟಿದ್ದಾರೆ. ನಾನು ಮಣ್ಣು ವಿಜ್ಞಾನ ಓದಿದವಳು. ನನಗೆ ಇದರಲ್ಲಿ ಕಾಣುವುದು ಬೇರೊಂದು ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳು ತಪ್ಪದೆ ಊರಿನ ಮಕ್ಕಳನ್ನು ಹೊಲಕ್ಕೆ, ಹಳ್ಳಕ್ಕೆ, ಒಡ್ಡಿನ ಬುಡಕ್ಕೆ ಕಳಿಸಿ ಮಣ್ಣಿಗೆ ಕೈ ಹಾಕಿಸುತ್ತಿದ್ದ ಕ್ರಮ ಅದು. ಮಿರಗದ ಮಳೆಗೆ ತೊಯ್ದ ಮಣ್ಣು ಒಂದು ಥರ, ಆಷಾಢದ ಗಾಳಿಗೆ ಮೇಲೆ ಒಣಗಿ ಒಳಗೆ ಹಸಿಯಿರುವ ಮಣ್ಣು ಇನ್ನೊಂದು ಥರ, ಭಾದ್ರಪದದಲ್ಲಿ ಕಾಲಿಟ್ಟರೆ ಮೊಣಕಾಲವರೆಗೂ ಹಿಡಿದುಕೊಳ್ಳುವ ಮಣ್ಣು ಮತ್ತೊಂದು. ಈ ವ್ಯತ್ಯಾಸವನ್ನು ನಾನು ಶಾಲೆಗೆ ಸೇರುವ ಮೊದಲೇ ಅಂಗೈಯಲ್ಲಿ ಕಲಿತಿದ್ದೆ.

ನನ್ನೂರು ಬಾಗಲಕೋಟೆ ತಾಲೂಕಿನ ಶಿರೂರು. ಸಿದ್ಧೇಶ್ವರನ ಗುಡಿ, ಹಳೆಯ ಶಾಸನಗಳು ಇರುವ ಊರು. ಶಾಸನದ ಕಲ್ಲುಗಳ ಬಗ್ಗೆ ತಿಳಿದವರು ಬರೆದಿದ್ದಾರೆ. ಆ ಕಲ್ಲು ನಿಂತ ನೆಲದ ಬಗ್ಗೆ ನಾನು ಹೇಳಬೇಕು. ಗುಳೇದಗುಡ್ಡದ ಕಡೆಗೆ ನೋಡಿದರೆ ಗಟ್ಟಿ ಕಲ್ಲಿನ ಗುಡ್ಡಸಾಲು. ಗುಡ್ಡದ ಕಾಲಿಗೆ ಗರಸು, ಅದರ ಕೆಳಗೆ ಮಸಾರಿ, ತಗ್ಗಿಗೆ ಇಳಿದಂತೆ ಕರಿ ಎರಿ. ಈ ಗುಡ್ಡಗಳ ಕಲ್ಲಿಗೆ ವಿಜ್ಞಾನದಲ್ಲಿ 'ಕಲಾದಗಿ' ಎಂಬ ಹೆಸರು ಬಂದದ್ದು ರಾಬರ್ಟ್ ಬ್ರೂಸ್ ಫೂಟ್ ಅವರಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಅವರು ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಈ ಪ್ರದೇಶವನ್ನು ಸುತ್ತಿ ತಮ್ಮ ಗ್ರಂಥವನ್ನು 1876ರಲ್ಲಿ ಹೊರತಂದರು. ಮಲಪ್ರಭೆಯ ಕಣಿವೆಯಲ್ಲಿ, ಬಾದಾಮಿಯ ಹತ್ತಿರದ ಖ್ಯಾಡದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳನ್ನು ಗುರುತಿಸಿದವರೂ ಅವರೇ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ ಅದೇ ಹೊಳೆಯ ದಂಡೆಗಳನ್ನು ಅಭ್ಯಾಸ ಮಾಡಿದರು. ಅವರ ಪುಸ್ತಕ ಬಂದದ್ದು 1955ರಲ್ಲಿ. ದಂಡೆಯ ಪದರಗಳಲ್ಲಿ ಎಲ್ಲಿ ಉರುಟು ಕಲ್ಲಿದೆಯೋ ಅಲ್ಲಿ ಹೊಳೆ ಒಮ್ಮೆ ರಭಸದಿಂದ ಹರಿದಿತ್ತು, ಎಲ್ಲಿ ನುಣ್ಣನೆಯ ರೇವೆಯಿದೆಯೋ ಅಲ್ಲಿ ನೀರು ಮಂದವಾಗಿತ್ತು. ಇಂಥ ಗುರುತುಗಳಿಂದ ಸಾವಿರಾರು ವರ್ಷಗಳ ಹಿಂದಿನ ಮಳೆ, ಹೊಳೆಗಳ ನಡೆಯನ್ನು ಓದುವ ವಿದ್ಯೆ ಅದು.

ಆ ವಿದ್ಯೆಯ ಮೊದಲ ಪಾಠವನ್ನು ನನಗೆ ಹೇಳಿಕೊಟ್ಟವಳು ನನ್ನ ತಾಯಿಯ ತಾಯಿ. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಅಕ್ಷರ ಬರುತ್ತಿರಲಿಲ್ಲ. ಆಷಾಢದ ಮಂಗಳವಾರ ಬಂತೆಂದರೆ ಓಣಿಯ ಹುಡುಗಿಯರನ್ನೆಲ್ಲ ಕೂಡಿಸಿ ಬುಟ್ಟಿ ಕೊಟ್ಟು ಕಳಿಸುವಳು.

"ಯವ್ವಾ, ದಾರಿ ದಂಡಿ ಮಣ್ಣ ತರಬ್ಯಾಡ್ರಿ, ಗರಸ ಕೂಡಿರ್ತೈತಿ. ಒಡ್ಡಿನ ಒಳಮಗ್ಗಲ ನೀರ ನಿಂತ ಇಂಗಿರ್ತೈತಲ್ಲ, ಆ ಜಾಗಾದ್ದ ತಗೊಂಡ ಬರ್ರಿ."

"ಯಾಕಬೇ ಆಯಿ, ಅಲ್ಲೀದ ಯಾಕ?"

"ನೀರ ಉರುಟಂದ ಮೊದಲ ಬಿಡ್ತೈತಿ, ನುಣ್ಣಂದ ಕಡೀಕ ಬಿಡ್ತೈತಿ."

ಧಾರವಾಡದ ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಿ ಉದ್ದನೆಯ ಗಾಜಿನ ಕೊಳವೆಗೆ ಮಣ್ಣು, ನೀರು ಹಾಕಿ ಅಲುಗಾಡಿಸಿ ನಿಲ್ಲಿಸಿದಾಗ ಮೊದಲು ಮರಳು, ಆಮೇಲೆ ರೇವೆ, ಗಂಟೆಗಟ್ಟಲೆ ಕಾದ ಮೇಲೆ ಜಿಗುಟು ಕೆಳಗಿಳಿಯಿತು. ಮೇಷ್ಟ್ರು ಹಲಗೆಯ ಮೇಲೆ ಜಾರ್ಜ್ ಸ್ಟೋಕ್ಸ್ ಅವರ ಸೂತ್ರ ಬರೆದರು. ದೊಡ್ಡ ಕಣ ಬೇಗ ಇಳಿಯುತ್ತದೆ, ಸಣ್ಣದು ತಡವಾಗಿ ಇಳಿಯುತ್ತದೆ, ಇಷ್ಟೆಂದರೆ ಇಷ್ಟೇ ಹೊತ್ತಿನಲ್ಲಿ ಎಂದು ಲೆಕ್ಕ ಹಾಕಿ ಹೇಳಬಹುದು ಎಂಬುದು ಆ ಸೂತ್ರದ ಸಾರ. ಲೆಕ್ಕ ನನಗೆ ಹೊಸದು, ಸಂಗತಿ ಹೊಸದಲ್ಲ. ಆ ದಿನ ನನಗಾದ ಸಂತೋಷವನ್ನು ನಾನು ಈವರೆಗೆ ಯಾವ ಪದವಿ ಪ್ರದಾನದಲ್ಲೂ ಕಂಡಿಲ್ಲ.

ಪರಿಸರ ವಿಜ್ಞಾನಿಗಳ ಬಾಲ್ಯವೆಂದರೆ ನಮ್ಮ ಪತ್ರಿಕೆಗಳಲ್ಲಿ ಮಲೆನಾಡೇ ಬರುತ್ತದೆ. ಕಾಡು, ತೊರೆ, ಹಕ್ಕಿಗಳ ಕೂಗು. ಆ ಬಾಲ್ಯದ ಬಗ್ಗೆ ನನಗೆ ಗೌರವವಿದೆ. ನಮ್ಮ ಕಡೆ ಕಾಡಿಲ್ಲ. ಅಡವಿ ಅಂದರೆ ನಮ್ಮಲ್ಲಿ ಹೊಲ, ಮರಡಿ, ಹಳ್ಳ. ಹುಡುಗರು ದನ ಕಾಯಲು ಹೋಗಿ ಬಾವಿಯಲ್ಲಿ ಈಜಿ, ಕಾರೆ ಹಣ್ಣು, ಬಾರಿ ಹಣ್ಣು ತಿಂದು ಸಂಜೆಗೆ ಬರುವರು. ಹುಡುಗಿಯರಿಗೆ ಅಷ್ಟು ಸಲುಗೆ ಇರಲಿಲ್ಲ. ನೀರಿಗೆ, ಕಟ್ಟಿಗೆಗೆ, ಸೆಗಣಿಗೆ ಹೋಗಬಹುದಿತ್ತು, ತಿರುಗಲು ಹೋಗುವಂತಿರಲಿಲ್ಲ. ಗುಳ್ಳವ್ವನ ಮಂಗಳವಾರ ಮಾತ್ರ ಕೇಳುವವರಿಲ್ಲ. ಮಣ್ಣು ಹುಡುಕುವ ನೆಪದಲ್ಲಿ ಒಡ್ಡಿನಿಂದ ಒಡ್ಡಿಗೆ ಹಾರಿ, ಹಳ್ಳ ದಾಟಿ, ಮಂದಿಯ ಹೊಲವೆಲ್ಲ ನಮ್ಮದೇ ಎಂಬಂತೆ ಓಡಾಡುತ್ತಿದ್ದೆವು. ಬೇಸಿಗೆಯಲ್ಲಿ ಬಾಯಿಬಿಟ್ಟ ಎರಿಯ ಬಿರುಕು ಮೊದಲ ಮಳೆಗೂ ಮುಚ್ಚದೆ ಉಳಿದಿದ್ದರೆ ಜೋಳದ ದಂಟು ಇಳಿಬಿಟ್ಟು ಆಳ ನೋಡುವುದು ಒಂದು ಆಟ. ದಂಟು ಪೂರ್ತಿ ಒಳಗೆ ಹೋದರೆ ಆ ಹೊಲ ಗೆದ್ದಂತೆ. ಒಣ ಹಳ್ಳದ ಉಸುಕಿನಲ್ಲಿ ವರ್ತಿ ತೋಡಿ, ಮೊದಲು ಬರುವ ರಾಡಿ ಚೆಲ್ಲಿ, ತಿಳಿ ನೀರು ಕೂಡುವವರೆಗೆ ಸುತ್ತ ಕುಳಿತು ಹರಟೆ ಹೊಡೆಯುವುದು ಇನ್ನೊಂದು. ಮೇಲೆ ಸುಡುವ ಉಸುಕು, ಮೊಳಕೈ ಆಳದಲ್ಲಿ ತಣ್ಣನೆಯ ನೀರು. ಹಳ್ಳ ನಿಂತ ಮೇಲೂ ನೀರು ಒಳಗೊಳಗೇ ನಡೆಯುತ್ತಿರುತ್ತದೆಂದು ಯಾರೂ ನನಗೆ ಬಾಯಲ್ಲಿ ಹೇಳಲಿಲ್ಲ.

ತಂದ ಮಣ್ಣಿಗೆ ಆಯಿಯದೇ ಪರೀಕ್ಷೆ. ಕಲ್ಲು, ಕಸ ಆರಿಸಿ, ನೀರು ಚಿಮುಕಿಸಿ ನಾದಿ, ಚೂರು ತೆಗೆದು ನಮ್ಮ ಕೈಗೆ ಕೊಟ್ಟು ಹೊಸೆಯಲು ಹೇಳುವಳು. ಶಾವಿಗೆಯಷ್ಟು ಸಣ್ಣಗೆ ಹೊಸೆದರೂ ತುಂಡಾಗದಿದ್ದರೆ ಗುಳ್ಳವ್ವನಿಗೆ ಆದೀತು. ನಡುವೆ ಮುರಿದರೆ ಮಸಾರಿ ಬೆರೆತಿದೆ, ಮತ್ತೆ ಬುಟ್ಟಿ ಹೊರಬೇಕು. ಸ್ವೀಡನ್ನಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಆಟರ್‌ಬರ್ಗ್ 1911ರಲ್ಲಿ ಮಣ್ಣಿನ ಗುಣ ಅಳೆಯಲು ಹೀಗೆ ಹೊಸೆಯುವುದನ್ನೇ ಪರೀಕ್ಷೆಯಾಗಿ ಇಟ್ಟರು. ಇವತ್ತು ಲೋಕದಾದ್ಯಂತ ರಸ್ತೆ, ಅಣೆಕಟ್ಟು ಕಟ್ಟುವ ಮೊದಲು ಇಂಜಿನಿಯರುಗಳು ಗಾಜಿನ ಹಲಗೆಯ ಮೇಲೆ ಮಣ್ಣನ್ನು ಮೂರು ಮಿಲಿಮೀಟರ್ ದಪ್ಪದ ಎಳೆಯಾಗಿ ಹೊಸೆದು ಎಷ್ಟು ನೀರಿಗೆ ಅದು ಮುರಿಯುತ್ತದೆಂದು ನೋಡುತ್ತಾರೆ. ಹೊಲದಲ್ಲಿ ನಾವು ಮಾಡುವುದು ಇನ್ನೂ ಸರಳ. ಹಸಿ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿ ತೆಗೆಯಬೇಕು. ಐದು ಸೆಂಟಿಮೀಟರಿಗೂ ಉದ್ದ ಬಂದರೆ ಜಿಗುಟು ಮಣ್ಣು, ಎರಡೂವರೆಯ ಒಳಗೇ ಮುರಿದರೆ ಗೋಡು. ಕಾಲೇಜಿನಲ್ಲಿ ಇದನ್ನು ಕಲಿಸುವಾಗ ಪೇಟೆಯಿಂದ ಬಂದ ಹುಡುಗರು ಕೈ ಕೆಸರಾಗುತ್ತದೆಂದು ಹಿಂದೆ ನಿಂತಿದ್ದರು. ನಾನು ಮುಂದೆ ಹೋಗಿ ಕುಳಿತೆ. ಓದನ್ನು ಮಣ್ಣಿನ ಕಡೆಗೇ ತಿರುಗಿಸಬೇಕೆಂದು ನಿಶ್ಚಯಿಸಿದ್ದು ಅಲ್ಲಿ.

ಆಯಿ ಬೇಡವೆಂದ ಮಣ್ಣು ಇನ್ನೊಂದಿತ್ತು, ಸವಳು. ತಗ್ಗಿನ ಕೆಲವು ಜಾಗಗಳಲ್ಲಿ ಬೇಸಿಗೆಗೆ ಬೆಳ್ಳಗೆ ಹುಡಿ ಏಳುವ ಮಣ್ಣು. ಅದರಲ್ಲಿ ಮಾಡಿದ ಎತ್ತು ಒಣಗಿದರೆ ಮೈಯೆಲ್ಲ ಬೂದು ಬಳಿದಂತಾಗಿ ಹಕ್ಕಳೆ ಏಳುತ್ತದೆ, ನೀರು ತಾಗಿದರೆ ಕರಗಿ ಹೋಗುತ್ತದೆ. ದೇವರಿಗೆ ಬೇಡವಾದ ಆ ಮಣ್ಣು ಊರಿಗೆ ಬೇಕಿತ್ತು. ಮಡಿವಾಳರು ಬಟ್ಟೆ ಒಗೆಯಲು ಒಯ್ಯುತ್ತಿದ್ದರು. ಮಾಳಿಗೆ ಮನೆಯವರೆಲ್ಲ ಮಳೆಗಾಲದ ಮುಂಚೆ ಬಂಡಿಯಲ್ಲಿ ತಂದು ಮೇಲ್ಮುದ್ದೆಗೆ ಹಾಕುತ್ತಿದ್ದರು. ಮೊದಲ ಮಳೆಗೆ ಅದು ಕಲಸಿಕೊಂಡು, ಕೂತು, ಮುಂದೆ ಒಂದು ಹನಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಮಣ್ಣಿನ ಜಿಗುಟಿಗೆ ಸೋಡಿಯಂ ಹೆಚ್ಚಾಗಿ ಅಂಟಿಕೊಂಡಾಗ ಅದರ ಕಣಗಳು ಒಂದನ್ನೊಂದು ಹಿಡಿಯದೆ ಚದುರುತ್ತವೆ. ಚದುರಿದ ಸಣ್ಣ ಕಣಗಳು ಸಂದುಗಳಿಗೆ ಇಳಿದು ಮುಚ್ಚುತ್ತವೆ. ಪುಸ್ತಕದ ಲೆಕ್ಕದಲ್ಲಿ ಸೋಡಿಯಂ ಪಾಲು ಶೇಕಡಾ 15 ಮೀರಿ, ರಸಸಾರ 8.5 ದಾಟಿದರೆ ಅದು ಕ್ಷಾರ ಮಣ್ಣು. ಮಾಳಿಗೆಯ ಮೇಲೆ ಮನೆ ಉಳಿಸುತ್ತಿದ್ದ ಈ ಗುಣವೇ ಹೊಲಕ್ಕೆ ಬಂದಾಗ ಬೇರನ್ನು ಉಸಿರು ಕಟ್ಟಿಸಿ ಕೊಲ್ಲುತ್ತದೆ. ನನ್ನ ವೃತ್ತಿಜೀವನದ ಬಹುಪಾಲು ಕಳೆದದ್ದು ಇದರ ಜೊತೆಗೇ. ಆ ಮಾತಿಗೆ ಬರುವ ಮೊದಲು ಒಡ್ಡಿನ ಕಥೆ ಹೇಳಬೇಕು, ಯಾಕೆಂದರೆ ಗುಳ್ಳವ್ವನ ಮಣ್ಣು ಕೂಡುತ್ತಿದ್ದದ್ದು ಒಡ್ಡಿನ ಮಗ್ಗುಲಿಗೆ.

ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಐನೂರರಿಂದ ಆರುನೂರು ಮಿಲಿಮೀಟರ್. ಅದೂ ಹದವಾಗಿ ಬರುವುದಿಲ್ಲ. ಜೋರು ಮಳೆ ಭಾದ್ರಪದದಲ್ಲಿ, ಜೋಕುಮಾರನ ಕಾಲಕ್ಕೆ. ಆ ನೀರನ್ನು ಎರಿ ಕುಡಿದು ಇಟ್ಟುಕೊಂಡರೆ ಹಿಂಗಾರಿ ಜೋಳ, ಕಡಲೆ, ಕುಸುಬಿ. ಇಟ್ಟುಕೊಳ್ಳದಿದ್ದರೆ ಬರ. 1876ರಿಂದ 1878ರವರೆಗಿನ ಬರ ಈ ಸೀಮೆಯನ್ನು ಹೇಗೆ ತಿಂದಿತೆಂಬುದು ಜನಗಣತಿಯಲ್ಲೇ ಇದೆ. 1872ರಲ್ಲಿ ಆಗಿನ ಕಲಾದಗಿ ಜಿಲ್ಲೆಯ ಜನ ಎಂಟು ಲಕ್ಷಕ್ಕೂ ಮೇಲೆ. 1881ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗೆ. ಫೂಟ್ ಅವರ ಗ್ರಂಥ ಅಚ್ಚಾದ ವರ್ಷವೇ ಆ ಬರ ಶುರುವಾಯಿತು ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಎದೆ ಭಾರವಾಗುತ್ತದೆ. ಬಾಗಲಕೋಟೆಯ ಪಕ್ಕದ ಮುಚಖಂಡಿಯ ಕೆರೆ ಕಟ್ಟಿದ್ದು 1882ರಲ್ಲಿ, ಆ ಬರ ಕಳೆದ ಬೆನ್ನಿಗೆ.

ಸರಕಾರ ಒಣಬೇಸಾಯವನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಲು ತೊಡಗಿದ್ದು ಇನ್ನೂ ಅರ್ಧ ಶತಮಾನ ಕಳೆದ ಮೇಲೆ. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ, ರೋಹತಕ್, ಹೀಗೆ ದೇಶದ ಐದು ಕಡೆ ಕೇಂದ್ರಗಳು ಬಂದವು. ಮುಂಬಯಿ ಸರಕಾರ 1942ರಲ್ಲಿ ಭೂಮಿ ಅಭಿವೃದ್ಧಿಯ ಕಾಯ್ದೆ ತಂದಿತು. ಬರದ ಕಾಮಗಾರಿಯಾಗಿ ಬಿಜಾಪುರ ಜಿಲ್ಲೆಯಲ್ಲಿ ಸಮಪಾತಳಿ ಒಡ್ಡುಗಳು ಎದ್ದವು. 1972ರ ಬರದಲ್ಲಿ ಒಡ್ಡು ಹಾಕುವ ಹೆಣ್ಣುಮಕ್ಕಳ ಸಾಲನ್ನು ನಾನೇ ನೋಡಿದ್ದೇನೆ, ತಲೆಯ ಮೇಲೆ ಬುಟ್ಟಿ, ಬಗಲಲ್ಲಿ ಕೂಸು.

ಆದರೆ ಆಳ ಎರಿಯಲ್ಲಿ ಆ ಒಡ್ಡುಗಳು ಬಹಳ ಕಡೆ ನಿಲ್ಲಲಿಲ್ಲ. ಎರಿ ನೀರನ್ನು ನಿಧಾನವಾಗಿ ಕುಡಿಯುತ್ತದೆ. ನೀರು ಒಡ್ಡಿನ ಹಿಂದೆ ದಿನಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಗೆ ಒಡ್ಡೇ ಬಿರಿಯುತ್ತದೆ, ಮುಂದಿನ ಮಳೆಗೆ ಆ ಬಿರುಕಿನಿಂದಲೇ ಒಡೆಯುತ್ತದೆ. 1954ರಲ್ಲಿ ಶುರುವಾದ ಬಳ್ಳಾರಿಯ ಮಣ್ಣು ಸಂರಕ್ಷಣಾ ಸಂಶೋಧನ ಕೇಂದ್ರದವರು ಕಪ್ಪು ಮಣ್ಣಿಗೆ ಸಮಪಾತಳಿ ಒಡ್ಡಿಗಿಂತ ಇಳಿಜಾರಿನ ಒಡ್ಡು ಒಳ್ಳೆಯದೆಂಬ ತೀರ್ಮಾನಕ್ಕೆ ಬಂದರು. ಹೆಚ್ಚಾದ ನೀರಿಗೆ ದಾರಿ ಬಿಡಲೇಬೇಕು. ಹಳೆಯ ಒಡ್ಡುಗಳಿಗೆ ಆ ದಾರಿ ಇತ್ತು. ಕಲ್ಲು ಜೋಡಿಸಿ ಮಾಡಿದ ಗುಂಡಾವರ್ತಿಯಲ್ಲಿ ನೀರು ಇಳಿದು, ಮಣ್ಣನ್ನು ಮೇಲಿನ ಹೊಲದಲ್ಲೇ ಬಿಟ್ಟು, ತಾನು ಮಾತ್ರ ಕೆಳಗಿನ ಹೊಲಕ್ಕೆ ಹೋಗುತ್ತಿತ್ತು. ಆ ವಿದ್ಯೆ ಪೂರ್ತಿ ಅಳಿಯಲಿಲ್ಲ. ಹುನಗುಂದದಲ್ಲಿ ನಾಗರಾಳ ಮನೆತನದ ಮಲ್ಲಣ್ಣ ನಾಗರಾಳರು ಒಡ್ಡಿನ ಬೇಸಾಯದಿಂದಲೇ ಹೆಸರಾದರು.

ಒಡ್ಡಿನ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡಲಾರೆ. ಗೆರೆ ಎಳೆಯುವ ಮೊದಲು ಊರವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕೇಳಿದ್ದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ ಎಂದು ಅವರು ಹೊಲಹೊಲವಾಗಿ ತೋರಿಸುತ್ತಿದ್ದರು. ಪ್ರತಿ ಆಷಾಢಕ್ಕೆ ಅದೇ ಜಾಗಗಳಿಗೆ ಬುಟ್ಟಿ ಹಿಡಿದು ಹೋದವರು ಅವರು. 1889ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಕೃಷಿ ರಸಾಯನ ವಿಜ್ಞಾನಿ ಜಾನ್ ವೋಲ್ಕರ್ ಇಲ್ಲಿನ ರೈತರ ಜಾಣ್ಮೆಯನ್ನು ತಮ್ಮ 1893ರ ವರದಿಯಲ್ಲಿ ಮನಸಾರೆ ಹೊಗಳಿದ್ದರು. ಹೊಗಳಿದ ಮಾತು ಅಚ್ಚಾಯಿತು. ಕೇಳಿ ತಿಳಿಯುವ ಪದ್ಧತಿ ಮಾತ್ರ ಕಚೇರಿಗಳಿಗೆ ಬರಲಿಲ್ಲ.

1970ರ ದಶಕದಲ್ಲಿ ಜಿಲ್ಲೆಯ ಚಿತ್ರ ಬದಲಾಯಿತು. ನವಿಲುತೀರ್ಥದಲ್ಲಿ ಮಲಪ್ರಭೆಗೆ, ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು. ಮುಧೋಳ, ಜಮಖಂಡಿ ಕಡೆ ಕಾಲುವೆ, ಏತ ನೀರಾವರಿ, ಕಬ್ಬು, ಸಕ್ಕರೆ ಕಾರ್ಖಾನೆ. ಬಡತನ ಕಂಡ ಮನೆಗಳಲ್ಲಿ ಹಣ ಕಂಡಿತು, ಅದು ಸಣ್ಣ ಮಾತಲ್ಲ. ಅದರ ಹಿಂದೆಯೇ ಸವಳು-ಜವಳು ಬಂತು. ಎರಿಗೆ ವರ್ಷಪೂರ್ತಿ ನೀರು ಹಾಯಿಸಿ, ಬಸಿಯಲು ದಾರಿ ಮಾಡದಿದ್ದರೆ ಒಳಗಿನ ನೀರಿನ ಮಟ್ಟ ಏರುತ್ತದೆ. ಆಳದಲ್ಲಿದ್ದ ಉಪ್ಪನ್ನು ಹೊತ್ತು ಬೇರಿನ ತನಕ ಬರುತ್ತದೆ. ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಉಳಿಯುತ್ತದೆ. ಜವಳು ಹಿಡಿದ ಹೊಲದಲ್ಲಿ ಮೊದಲು ಕಬ್ಬಿನ ಎಲೆ ತುದಿಯಿಂದ ಸುಡುತ್ತದೆ, ಎರಡು ಮೂರು ವರ್ಷಕ್ಕೆ ಜಾಲಿ ಬಿಟ್ಟು ಏನೂ ಏಳುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೇಲೆ ಹೋದದ್ದು ಇಂಥ ಹೊಲಗಳಿಗೇ. ಉಪಕರಣಗಳಿದ್ದವು, ನಕ್ಷೆಗಳಿದ್ದವು, ಮಾದರಿ ತೆಗೆಯುವ ಬೈರಿಗೆ ಇತ್ತು. ನಾನು ಮೊದಲು ಹುಡುಕುತ್ತಿದ್ದದ್ದು ಮನೆಯ ಮುದುಕಿಯನ್ನು. "ಅವ್ವಾರ, ನೀವು ಸಣ್ಣವರಿದ್ದಾಗ ಗುಳ್ಳವ್ವನ ಮಣ್ಣ ಎಲ್ಲಿಂದ ತರತಿದ್ರಿ? ಮಾಳಿಗಿಗಿ ಸವಳ ಎಲ್ಲಿಂದ ಬರತಿತ್ತು?" ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಹೊಲದ ಅರ್ಧ ನಕ್ಷೆ ಸಿಕ್ಕಂತೆ. ಮಾಳಿಗೆಗೆ ಸವಳು ತೆಗೆಯುತ್ತಿದ್ದ ತಗ್ಗು ಯಾವುದೋ, ಕಾಲುವೆ ಬಂದ ಮೇಲೆ ಉಪ್ಪು ಮೊದಲು ಎದ್ದದ್ದು ಬಹಳ ಸಲ ಅದರ ಅಂಚಿನಿಂದಲೇ. ಜಿಪ್ಸಮ್ ಹಾಕಿ ಸೋಡಿಯಂ ಜಾಗಕ್ಕೆ ಸುಣ್ಣದ ಅಂಶ ತಂದು, ನೆಲದೊಳಗೆ ರಂಧ್ರದ ಕೊಳವೆ ಹೂಳಿ ಬಸಿಗಾಲುವೆ ಮಾಡಿ, ಉಪ್ಪು ತೊಳೆದು ಹೊರಗೆ ಹಾಕಬೇಕು. ಕೊಳವೆಯ ಬಾಯಿ ಎಲ್ಲಿಗೆ ಬಿಡಬೇಕೆಂಬುದೇ ದೊಡ್ಡ ಜಗಳ, ಒಬ್ಬರ ಹೊಲದ ಉಪ್ಪು ಇನ್ನೊಬ್ಬರ ಹೊಲಕ್ಕೆ ಹೋಗುವಂತಿಲ್ಲ. ಹಳ್ಳದ ಹಳೆಯ ಜಾಡು ಬಲ್ಲವರಿದ್ದರೆ ಆ ಜಗಳ ಬೇಗ ಮುಗಿಯುತ್ತಿತ್ತು. ಒಮ್ಮೆ ಜಮಖಂಡಿ ಕಡೆಯ ಒಬ್ಬ ಅಜ್ಜಿ ಮೂರು ಹೊಲದವರ ನಡುವೆ ನಿಂತು, ಅವರ ಯಾರ ಉತಾರದಲ್ಲೂ ಇಲ್ಲದ ಒಂದು ಹಳ್ಳವನ್ನು ಕೋಲಿನಿಂದ ಗೆರೆ ಎಳೆದು ತೋರಿಸಿದಳು. ಬೈರಿಗೆ ಇಳಿಸಿದರೆ ಆಳದಲ್ಲಿ ಉಸುಕು ಬಂತು. ಬಸಿಗಾಲುವೆಯನ್ನು ಆ ಗೆರೆಯ ಮೇಲೇ ತೆಗೆದೆವು.

ಈಗ ಶಿರೂರಿಗೆ ಹೋದರೆ ಮಣ್ಣೆತ್ತು ಸಂತೆಯಲ್ಲಿ ಸಿಗುತ್ತವೆ, ಬಣ್ಣ ಹಚ್ಚಿ, ಜೋಡಿ ಲೆಕ್ಕದಲ್ಲಿ. ಗಣಪ್ಪ ಎಂದೋ ಪೇಟೆಯ ಪಾಲಾದ. ಗುಳ್ಳವ್ವನನ್ನು ಮಾಡುವ ಓಣಿಗಳು ಕಡಿಮೆಯಾಗುತ್ತ ಬಂದಿವೆ. ಮಾಳಿಗೆಗಳ ಜಾಗಕ್ಕೆ ಸಿಮೆಂಟಿನ ಮನೆ, ಸವಳು ತರುವ ಬಂಡಿಯಿಲ್ಲ. ಜೋಕುಮಾರನನ್ನು ಹೊತ್ತು ಬರುವ ಅಂಬಿಗರ ಹೆಣ್ಣುಮಕ್ಕಳ ಬುಟ್ಟಿ ಕೆಲವು ಮನೆಗಳ ಮುಂದೆ ಇನ್ನೂ ಇಳಿಯುತ್ತದೆ. ಹೊಲಕ್ಕೆ ಮಕ್ಕಳು ಹೋಗುವುದಿಲ್ಲ ಎಂದು ನಾನು ದೂರುವುದಿಲ್ಲ. ಶಾಲೆಗೆ ಹೋಗುತ್ತಿದ್ದಾರೆ, ಅದರಲ್ಲೂ ಹುಡುಗಿಯರು ನಾವು ಓದಿದ್ದಕ್ಕಿಂತ ಹೆಚ್ಚು ಓದುತ್ತಿದ್ದಾರೆ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಅವರ ಪರಿಸರ ಪಾಠದಲ್ಲಿ ಅಮೆಜಾನ್ ಇದೆ, ಸಹಾರಾ ಇದೆ. ಶಾಲೆಯ ಹಿಂದಿನ ಹೊಲ ಎರಿಯೋ ಮಸಾರಿಯೋ ಎಂಬುದು ಇಲ್ಲ.

ಹಾಗಾಗಿ ಊರಿನ ಕನ್ನಡ ಶಾಲೆಯ ಶಿಕ್ಷಕಿಯರೊಂದಿಗೆ ಮಾತಾಡಿದ್ದೇನೆ. ಆಷಾಢದ ಮಂಗಳವಾರಗಳಲ್ಲಿ ಮಧ್ಯಾಹ್ನದ ಮೇಲೆ ಹುಡುಗಿಯರನ್ನು, ಹುಡುಗರನ್ನೂ, ಹೊಲಕ್ಕೆ ಕರೆದೊಯ್ಯುವುದು. ಒಬ್ಬೊಬ್ಬರು ಒಂದೊಂದು ಜಾಗದ ಮಣ್ಣು ತಂದು ಹೊಸೆದು ನೋಡುವುದು, ಎಳೆ ಎಷ್ಟು ಸಣ್ಣಗಾಯಿತೆಂದು ಅಳತೆಪಟ್ಟಿಯಲ್ಲಿ ಅಳೆಯುವುದು, ಬಾಟಲಿಯಲ್ಲಿ ನೀರು ಹಾಕಿ ಪದರ ನಿಲ್ಲುವವರೆಗೆ ಕಾಯುವುದು. ಜಾಗದ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಬರೆಯುವುದು. ದಾಖಲೆಗೆ ಒಂದು ನೂರು ಹಾಳೆಯ ವಹಿ ಸಾಕು. ಕೊನೆಯ ಮಂಗಳವಾರಕ್ಕೆ ಎಲ್ಲಕ್ಕಿಂತ ಸಣ್ಣ ಎಳೆ ಬಂದ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡುವುದು, ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಸಿಂಗರಿಸುವುದು. ವಹಿಯನ್ನು ನಾನೇ ಒಯ್ದು ಕೊಟ್ಟಿದ್ದೇನೆ. ಮೊದಲ ಪುಟದಲ್ಲಿ ಕಂಬ ಹಾಕಿ ಆಗಿದೆ: ಜಾಗ, ಹೇಳಿದವರು, ಮಣ್ಣಿನ ಬಣ್ಣ, ಎಳೆಯ ದಪ್ಪ, ಆ ವಾರ ಬಿದ್ದ ಮಳೆ.